ಸಿಂಪಲ್‌ಇವ್ಯಾಲ್: ಎರಡು ವರ್ಷ ಬಳಸಿದ ಮೇಲೆ

ಬಳಕೆದಾರರು ಟೈಪ್ ಮಾಡಿದ ಲೆಕ್ಕದ ಸೂತ್ರವನ್ನು ಓದಿ ಉತ್ತರ ಕೊಡುವ ಒಂದು ಪುಟ್ಟ ಪೈಥಾನ್ ಲೈಬ್ರರಿ ಇದೆ. ಹೆಸರು ಸಿಂಪಲ್‌ಇವ್ಯಾಲ್. ಎರಡು ವರ್ಷದಿಂದ ದಿನಾ ಅದರ ಜೊತೆ ಏಗುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಲೈಬ್ರರಿಯದು, ಇನ್ನರ್ಧ ನನ್ನದೇ ತಪ್ಪಿನದು.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಪಾರ್ಸೆಲ್ ಸಾಗಣೆಯ ದರ ಲೆಕ್ಕ ಹಾಕುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಪೆಟ್ಟಿಗೆ ದೊಡ್ಡದು, ಒಳಗಿರುವ ಸಾಮಾನು ಹಗುರ ಅಂದರೆ ತಕ್ಕಡಿಯ ತೂಕ ಹಿಡಿದು ದರ ಕಟ್ಟುವುದಿಲ್ಲ. ಅದು ಎಷ್ಟು ಜಾಗ ತಿನ್ನುತ್ತೆ ಅನ್ನೋದು ಮುಖ್ಯ. ಸೆಂಟಿಮೀಟರ್‌ಗಳಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಕೆಲವರು 6000ದಿಂದ ಭಾಗಿಸುತ್ತಾರೆ. ಒಬ್ಬರಿಗೆ ಅದರ ಮೇಲೆ ಕನಿಷ್ಠ ತೂಕ ಬೇಕು, ಇನ್ನೊಬ್ಬರಿಗೆ ಎರಡು ಪೆಟ್ಟಿಗೆ ಒಟ್ಟಿಗೆ ಕಟ್ಟಿದರೆ ಬೇರೆ ಲೆಕ್ಕ. ಪ್ರತಿ ಗಿರಾಕಿಗೂ ಒಂದೊಂದು ಸೂತ್ರ. ಪ್ರತಿ ಸಲ ಕೋಡ್ ಬದಲಿಸುತ್ತಾ ಕೂರಲು ಆಗುತ್ತಾ? ಹಾಗಾಗಿ ಸೂತ್ರಗಳೆಲ್ಲ ಡೇಟಾಬೇಸಿನಲ್ಲಿ ಪಠ್ಯವಾಗಿಯೇ ಇವೆ. (ಉದ್ದ * ಅಗಲ * ಎತ್ತರ) / 5000 ಅಂತ ಒಂದು ಸಾಲು, ಅಷ್ಟೇ. ಲೆಕ್ಕ ಹಾಕುವ ಹೊತ್ತಿಗೆ ಆ ಸಾಲನ್ನು ತೆಗೆದು, ಹೆಸರುಗಳ ಜಾಗಕ್ಕೆ ಸಂಖ್ಯೆ ಹಾಕಿ, ಉತ್ತರ ಪಡೆಯಬೇಕು.

ನನ್ನ ಕೈಗೆ ಈ ಕೋಡ್ ಬಂದಾಗ ಆ ಕೆಲಸವನ್ನು ಪೈಥಾನ್ ಜೊತೆಗೇ ಬರುವ ಇವ್ಯಾಲ್ ಫಂಕ್ಷನ್ ಮಾಡುತ್ತಿತ್ತು. ಮೇಲೆ ಯಾರೋ ಒಂದು ಟಿಪ್ಪಣಿ ಬರೆದಿದ್ದರು: 'ಇಲ್ಲಿ ಅಡ್ಮಿನ್ ಮಾತ್ರ ಟೈಪ್ ಮಾಡುತ್ತಾರೆ, ತೊಂದರೆ ಇಲ್ಲ.' ಬರೆದ ದಿನ ಅದು ನಿಜವೇ ಇದ್ದಿರಬೇಕು. ಆಮೇಲೆ ಯಾವಾಗಲೋ ಗಿರಾಕಿಗಳೇ ಸೂತ್ರ ಬದಲಿಸಿಕೊಳ್ಳಲಿ ಅಂತ ಒಂದು ಫಾರಂ ಸೇರಿಸಿದರು. ಟಿಪ್ಪಣಿಯನ್ನು ಯಾರೂ ಅಳಿಸಲಿಲ್ಲ.

ಇವ್ಯಾಲ್ ಅಂದರೆ ಲೆಕ್ಕ ಮಾಡುವ ಯಂತ್ರ ಅಲ್ಲ. ಪೂರ್ತಿ ಪೈಥಾನ್ ಅದು. ಕೊಟ್ಟ ಪಠ್ಯ ಒಂದು ಎಕ್ಸ್‌ಪ್ರೆಷನ್ ಆಗಿದ್ದರೆ ಸಾಕು, ಓಡಿಸಿಬಿಡುತ್ತದೆ. ಟೆಸ್ಟ್ ಸರ್ವರಿನಲ್ಲಿ ಸೂತ್ರದ ಜಾಗದಲ್ಲಿ ನಾನು ಆಪರೇಟಿಂಗ್ ಸಿಸ್ಟಮ್ ಜೊತೆ ಮಾತಾಡುವ ಓಎಸ್ ಮಾಡ್ಯೂಲನ್ನು ಒಳಗೆ ಎಳೆದು, ಅದರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಪ್ರೋಗ್ರಾಮಿಗೆ ಹೊರಗಿನಿಂದ ಕೊಟ್ಟಿರುವ ಸೆಟ್ಟಿಂಗುಗಳು) ಕೇಳುವ ಒಂದು ಸಾಲು ಬರೆದೆ. ತೂಕ ಬರಬೇಕಾದ ಜಾಗದಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬಂತು. ಪಕ್ಕದ ಕುರ್ಚಿಯ ಸಹೋದ್ಯೋಗಿಯನ್ನು ಕರೆದು ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ಸುಮ್ನೆ ಹೋಗಿ ಫಾರಂ ಆಫ್ ಮಾಡಿ ಬಂದರು.

ಇದಕ್ಕೆ ಎಲ್ಲರೂ ಮೊದಲು ಹೇಳುವ ಮದ್ದು ಪೈಥಾನ್ ತಾನಾಗೇ ಕೊಡುವ ಫಂಕ್ಷನ್‌ಗಳನ್ನು, ಅಂದರೆ ಬಿಲ್ಟ್‌ಇನ್‌ಗಳನ್ನು ಕಿತ್ತುಹಾಕುವುದು. ಇವ್ಯಾಲ್‌ಗೆ ಖಾಲಿ ಬಿಲ್ಟ್‌ಇನ್ ಪಟ್ಟಿ ಕೊಟ್ಟರೆ ಇಂಪೋರ್ಟ್ ಇಲ್ಲ, ಓಪನ್ ಇಲ್ಲ, ಆರಾಮ ಅಂತ ಅನ್ನಿಸುತ್ತದೆ. ಆರಾಮ ಏನಿಲ್ಲ. ಖಾಲಿ ಬ್ರಾಕೆಟ್ ಜೋಡಿ () ಬರೆದರೆ ಅದು ಪೈಥಾನ್‌ನಲ್ಲಿ ಖಾಲಿ ಟ್ಯೂಪಲ್, ಅಂದರೆ ಮೌಲ್ಯಗಳ ಒಂದು ಖಾಲಿ ಕಟ್ಟು. ಅದಕ್ಕೆ 'ನಿನ್ನ ಕ್ಲಾಸ್ ಯಾವುದು' ಅಂತ ಕೇಳಬಹುದು. ಆ ಕ್ಲಾಸಿಗೆ 'ನಿನ್ನ ಮೂಲ ಕ್ಲಾಸ್ ಯಾವುದು' ಅಂತ ಕೇಳಿದರೆ ಆಬ್ಜೆಕ್ಟ್ ಸಿಗುತ್ತದೆ. ಆಬ್ಜೆಕ್ಟಿಗೆ 'ನಿನ್ನ ಮಕ್ಕಳೆಲ್ಲ ಯಾರು' ಅಂದರೆ ಆ ಹೊತ್ತಿಗೆ ಲೋಡ್ ಆಗಿರುವ ನೂರಾರು ಕ್ಲಾಸ್‌ಗಳ ಪಟ್ಟಿ ಕೈಗೆ ಬರುತ್ತದೆ. ಅದರಲ್ಲಿ ಒಂದಲ್ಲ ಒಂದು ಹೊರಗಿನ ಬಾಗಿಲು ತೆರೆಯುತ್ತದೆ. ಮುಂಬಾಗಿಲಿಗೆ ಬೀಗ, ಹಿತ್ತಲು ಹಾಗೇ ತೆರೆದಿದೆ.

ಎರಡನೇ ಮದ್ದು ಕೋಡನ್ನು ಓಡಿಸದೆ ಬರೀ ಓದಿಕೊಡುವ ಎಎಸ್‌ಟಿ ಮಾಡ್ಯೂಲಿನ ಲಿಟರಲ್ ಇವ್ಯಾಲ್. ಇದು ಸುರಕ್ಷಿತ ಅಂತ ಕೇಳಿ ಖುಷಿಯಿಂದ ಹಾಕಿದೆ. 2+3 ಕೊಟ್ಟೆ. ವ್ಯಾಲ್ಯೂ ಎರರ್ ಬಂತು. ಹೆಸರಿನಲ್ಲೇ ಇದೆ ನೋಡಿ, ಲಿಟರಲ್. ಸಂಖ್ಯೆ, ಪದ, ಪಟ್ಟಿ, ಡಿಕ್ಷನರಿ ಇವನ್ನು ಓದುತ್ತದೆ, ಲೆಕ್ಕ ಮಾಡುವುದಿಲ್ಲ. ತಮಾಷೆ ಏನೆಂದರೆ ಒಂದು ಕಾಲಕ್ಕೆ ಕೂಡಿಸುವುದು ಕಳೆಯುವುದು ಮಾಡುತ್ತಿತ್ತು. ಪೈಥಾನ್ 3.7ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ಕೂಡಿಸುವ ಚಿಹ್ನೆ ನಡೆಯುವುದು 3+4j ಥರದ ಕಾಂಪ್ಲೆಕ್ಸ್ ಸಂಖ್ಯೆಗೆ ಮಾತ್ರ. ಹಳೇ ಉತ್ತರಗಳನ್ನು ಓದಿ 'ಇದು ಕೂಡಿಸುತ್ತೆ' ಅಂತ ನಂಬಿದವರು ಇನ್ನೂ ಸಿಗುತ್ತಾರೆ.

ನಂತರ ಸಹೋದ್ಯೋಗಿಯೊಬ್ಬರು ನಮ್‌ಎಕ್ಸ್‌ಪ್ರ್ ಹೆಸರು ಹೇಳಿದರು. ಲಕ್ಷಗಟ್ಟಲೆ ಸಂಖ್ಯೆಗಳ ಅರೇ ಮೇಲೆ ಒಂದೇ ಸೂತ್ರ ಓಡಿಸಬೇಕಾದರೆ ಅದು ತುಂಬಾ ವೇಗ. ಆದರೆ ಸುರಕ್ಷತೆಗೆ ಅಂತ ಮಾಡಿದ್ದಲ್ಲ. ಇದರ ಕಥೆ ಹೇಳಲೇಬೇಕು. ಎಐ ಭಾಷಾ ಮಾಡೆಲ್‌ಗಳ ಮೇಲೆ ಆ್ಯಪ್ ಕಟ್ಟಲು ಬಳಸುವ ಲ್ಯಾಂಗ್‌ಚೈನ್ ಅನ್ನೋ ಲೈಬ್ರರಿಯಲ್ಲಿ ಮಾಡೆಲ್ ಕೈಯಲ್ಲಿ ಗಣಿತ ಮಾಡಿಸುವ ಒಂದು ಭಾಗ ಇತ್ತು. ಮಾಡೆಲ್ ಬರೆದುಕೊಟ್ಟ ಪಠ್ಯವನ್ನು ಅದು ನೇರ ಪೈಥಾನ್‌ಗೆ ಕೊಟ್ಟು ಓಡಿಸುತ್ತಿತ್ತು. 2023ರಲ್ಲಿ ಅದಕ್ಕೆ ಸಿವಿಇ, ಅಂದರೆ ಸುರಕ್ಷತೆಯ ಲೋಪಕ್ಕೆ ಕೊಡುವ ಸಾರ್ವಜನಿಕ ಗುರುತಿನ ಸಂಖ್ಯೆ, ಬಂತು. ಸರಿ ಅಂತ ನಮ್‌ಎಕ್ಸ್‌ಪ್ರ್‌ಗೆ ಬದಲಿಸಿದರು. ನಮ್‌ಎಕ್ಸ್‌ಪ್ರ್ ತನ್ನ ಹೊಟ್ಟೆಯೊಳಗೆ ಅದೇ ಇವ್ಯಾಲನ್ನು ಕರೆಯುತ್ತಿತ್ತು! ಅದೇ ವರ್ಷ ಇನ್ನೊಂದು ಸಿವಿಇ. ನಮ್‌ಎಕ್ಸ್‌ಪ್ರ್‌ನ 2.8.5 ಆವೃತ್ತಿಯಿಂದ ಪಠ್ಯವನ್ನು ಮೊದಲು ತಪಾಸಣೆ ಮಾಡುವುದನ್ನು ಸೇರಿಸಿದರು. ಬೀಜಗಣಿತದ ಲೈಬ್ರರಿ ಸಿಂಪೈನ ಸಿಂಪಿಫೈ ಫಂಕ್ಷನ್ ಕೂಡ ಹೀಗೇ. ಒಳಗೆ ಇವ್ಯಾಲ್ ಇದೆ, ನಂಬಿಕೆ ಇಲ್ಲದ ಪಠ್ಯ ಕೊಡಬೇಡಿ ಅಂತ ಅದರ ಕೈಪಿಡಿಯಲ್ಲೇ ಬರೆದಿದ್ದಾರೆ. ಹಾಗಾಗಿ ಯಾವ ಲೈಬ್ರರಿ ತೆಗೆದುಕೊಂಡರೂ ನಾನೀಗ ಮೊದಲು ಅದರ ಕೋಡಿನಲ್ಲಿ ಇವ್ಯಾಲ್, ಮತ್ತು ಅದರಂತೆಯೇ ಪಠ್ಯವನ್ನು ಕೋಡಾಗಿ ಓಡಿಸುವ ಎಕ್ಸೆಕ್, ಈ ಎರಡು ಪದ ಹುಡುಕುತ್ತೇನೆ. ಐದು ನಿಮಿಷದ ಕೆಲಸ.

ಸಿಂಪಲ್‌ಇವ್ಯಾಲ್ ಆ ಪರೀಕ್ಷೆಯಲ್ಲಿ ಗೆದ್ದಿತು. ಇಡೀ ಲೈಬ್ರರಿ ಒಂದೇ ಫೈಲು. ಬೇರೆ ಯಾವುದನ್ನೂ ನೆಚ್ಚಿಕೊಂಡಿಲ್ಲ. ಎಂಐಟಿ ಲೈಸೆನ್ಸ್. ಒಂದು ಮಧ್ಯಾಹ್ನ ಕೂತು ಪೂರ್ತಿ ಓದಿದೆ. ಸುರಕ್ಷತೆಗೆ ಬಳಸುವ ಲೈಬ್ರರಿಯನ್ನು ಪೂರ್ತಿ ಓದಲು ಆಗುತ್ತೆ ಅನ್ನೋದೇ ಒಂದು ಗುಣ, ಅಲ್ವಾ?

ಅದು ಕೆಲಸ ಮಾಡುವ ರೀತಿ ಹೀಗಿದೆ. 2+3*4 ಕೊಟ್ಟರೆ ಮೊದಲು ಪೈಥಾನಿನದೇ ಪಾರ್ಸರ್ ಅದನ್ನು ಮರ ಮಾಡುತ್ತದೆ. ತುದಿಯಲ್ಲಿ ಕೂಡಿಸು, ಅದರ ಎಡಕ್ಕೆ 2, ಬಲಕ್ಕೆ ಗುಣಿಸು, ಗುಣಿಸುವಿನ ಕೆಳಗೆ 3 ಮತ್ತು 4. ಇಲ್ಲಿಯವರೆಗೆ ಏನೂ ಓಡಿಲ್ಲ, ಓದಿದ್ದು ಅಷ್ಟೇ. ಆಮೇಲೆ ಲೈಬ್ರರಿ ಮರದ ಒಂದೊಂದು ಗಂಟಿನ ಹತ್ತಿರ ನಿಂತು 'ಈ ಜಾತಿಯ ಗಂಟು ನನ್ನ ಪಟ್ಟಿಯಲ್ಲಿದೆಯಾ' ಅಂತ ನೋಡುತ್ತದೆ. ಇದ್ದರೆ ಲೆಕ್ಕ. ಇಲ್ಲದಿದ್ದರೆ ಎರರ್. ಯಾವುದು ಬೇಡ ಅಂತ ಪಟ್ಟಿ ಮಾಡಿಲ್ಲ, ಯಾವುದು ಬೇಕು ಅಂತ ಮಾಡಿದ್ದಾರೆ. ನಾನು ಆ ಪಾಸ್‌ವರ್ಡ್ ತೆಗೆದ ಸಾಲನ್ನೇ ಇದಕ್ಕೂ ಕೊಟ್ಟೆ. ಇಂಪೋರ್ಟ್ ಫಂಕ್ಷನ್ ಅದರ ಪಟ್ಟಿಯಲ್ಲೇ ಇಲ್ಲ. ಟ್ಯೂಪಲ್ ದಾರಿಯೂ ಮುಚ್ಚಿದೆ, ಅಂಡರ್‌ಸ್ಕೋರ್‌ನಿಂದ ಶುರುವಾಗುವ ಯಾವ ಗುಣವನ್ನೂ ಮುಟ್ಟಲು ಬಿಡುವುದಿಲ್ಲ.

ಇನ್ನೊಂದು ಲಾಭ ನನಗೆ ಗೊತ್ತಿಲ್ಲದೇ ಸಿಕ್ಕಿತು. ಸಂಖ್ಯೆಯಲ್ಲಿ ಅಲ್ಪವಿರಾಮ ಹಾಕುವ ಅಭ್ಯಾಸ ಎಲ್ಲರಿಗೂ ಇದೆ. 1,000 * 2 ಅಂತ ಬರೆದರೆ ಹಳೇ ಇವ್ಯಾಲ್ ಏನು ಕೊಡುತ್ತಿತ್ತು ಊಹಿಸಿ. (1, 0). ಅಲ್ಪವಿರಾಮ ಕಂಡ ಕೂಡಲೇ ಅದು ಟ್ಯೂಪಲ್. ಮೊದಲನೆಯದು 1, ಎರಡನೆಯದು 000 * 2, ಅಂದರೆ ಸೊನ್ನೆ. ಹಳೇ ಕೋಡ್ ಇದರ ಮೊದಲ ಅಂಕಿ ಮಾತ್ರ ತೆಗೆದುಕೊಂಡು ಮುಂದೆ ಹೋಗುತ್ತಿತ್ತು. ಸಿಂಪಲ್‌ಇವ್ಯಾಲ್ ಟ್ಯೂಪಲ್ ಕಂಡರೆ ನಿಂತುಬಿಡುತ್ತದೆ. ಬದಲಿಸಿದ ಮೊದಲ ವಾರದಲ್ಲೇ ಇಂಥ ನಾಲ್ಕು ಸೂತ್ರ ಎರರ್ ಕೊಟ್ಟು ಹೊರಬಂದವು. ಅವು ಎಷ್ಟು ದಿನದಿಂದ ತಪ್ಪು ಲೆಕ್ಕ ಕೊಡುತ್ತಿದ್ದವೋ.

ಇನ್ನು ದೂರು.

ಮೊದಲನೆಯದು ಘಾತ. ಪೈಥಾನ್‌ನಲ್ಲಿ ಅದರ ಚಿಹ್ನೆ **. 9**9**9 ನೋಡಲು ಆರೇಳು ಅಕ್ಷರ. ಪೈಥಾನ್ ಬಲಗಡೆಯಿಂದ ಶುರು ಮಾಡುತ್ತದೆ, 9**9 ಅಂದರೆ 387420489, ಆಮೇಲೆ 9ರ ಮೇಲೆ ಅಷ್ಟು ಘಾತ. ಉತ್ತರದಲ್ಲಿ 36,96,93,100 ಅಂಕಿಗಳು. ಇಲ್ಲಿ ಯಾರೂ ಕಳ್ಳತನ ಮಾಡುತ್ತಿಲ್ಲ, ಬರೀ ಗಣಿತ, ಆದರೂ ಸರ್ವರ್ ಮಲಗುತ್ತದೆ. ಸಿಂಪಲ್‌ಇವ್ಯಾಲ್ ಇದಕ್ಕೆ ಮ್ಯಾಕ್ಸ್ ಪವರ್ ಅಂತ ಒಂದು ಮಿತಿ ಇಟ್ಟಿದೆ, 40 ಲಕ್ಷ. ಆಧಾರವಾಗಲಿ ಘಾತವಾಗಲಿ ಅದನ್ನು ದಾಟಿದರೆ ಲೆಕ್ಕಕ್ಕೇ ಇಳಿಯುವುದಿಲ್ಲ. ಹಾಗಾಗಿ 9**9**9 ಅನ್ನು ತಡೆಯಿತು. ಆದರೆ 40 ಲಕ್ಷದ ಮೇಲೆ 40 ಲಕ್ಷ ಘಾತ? ಎರಡೂ ಮಿತಿಯೊಳಗೇ ಇವೆ. ಉತ್ತರ ಎರಡೂವರೆ ಕೋಟಿಗೂ ಜಾಸ್ತಿ ಅಂಕಿಯದು. ಪೆಟ್ಟಿಗೆ ಅಳೆಯುವ ಸೂತ್ರಕ್ಕೆ ಇಷ್ಟು ಔದಾರ್ಯ ಯಾಕೆ?

ಮಿತಿಯನ್ನು 100ಕ್ಕೆ ಇಳಿಸಿದೆ. ಮಾರನೇ ದಿನ ದೂರು ಬಂತು, 120**2 ಆಗುತ್ತಿಲ್ಲ ಅಂತ. ಯಾಕೆಂದರೆ ಅದೇ ಮಿತಿ ಆಧಾರಕ್ಕೂ ಅನ್ವಯ. ನಾನು ಓದಿದ್ದೆ, ಮರೆತಿದ್ದೆ. ಕೊನೆಗೆ ಘಾತಕ್ಕೆ ನನ್ನದೇ ಫಂಕ್ಷನ್ ಬರೆದೆ. ಘಾತ 6ಕ್ಕಿಂತ ಜಾಸ್ತಿ ಇದ್ದರೆ ಇಲ್ಲ, ಆಧಾರ ಒಂದು ಲಕ್ಷ ದಾಟಿದರೆ ಇಲ್ಲ. ಆಪರೇಟರ್‌ಗಳ ಡಿಕ್ಷನರಿಯಲ್ಲಿ ಅದನ್ನು ಕೂರಿಸಿದರೆ ಮುಗಿಯಿತು. ಹೀಗೆ ಬದಲಿಸಲು ಬಿಟ್ಟಿರುವುದು ಈ ಲೈಬ್ರರಿಯ ದೊಡ್ಡ ಅನುಕೂಲ, ಅದನ್ನೂ ಹೇಳಬೇಕು.

ಎರಡನೆಯದು ಟೋಪಿ. ^ ಈ ಚಿಹ್ನೆ. ನನಗೆ ಜಾಸ್ತಿ ನಿದ್ದೆ ಕೆಡಿಸಿದ್ದು ಹ್ಯಾಕರ್‌ಗಳಲ್ಲ, ಈ ಟೋಪಿ.

ಸ್ಪ್ರೆಡ್‌ಶೀಟ್ ಬಳಸಿದವರಿಗೆಲ್ಲ ^ ಅಂದರೆ ಘಾತ. ಪೈಥಾನ್‌ಗೆ ಅದು ಬಿಟ್‌ಗಳ ಎಕ್ಸಾರ್: ಎರಡು ಬಿಟ್ ಬೇರೆ ಬೇರೆ ಇದ್ದರೆ 1, ಒಂದೇ ಇದ್ದರೆ 0. ಒಬ್ಬ ಗಿರಾಕಿಯ ಪೆಟ್ಟಿಗೆಗಳು ಎಲ್ಲಾ ಬದಿಯೂ ಸಮ. ಅವರು ಗಾತ್ರದ ಸೂತ್ರ ಬದಿ^3 ಅಂತ ಬರೆದಿದ್ದರು. ಬದಿ 40 ಸೆಂಟಿಮೀಟರ್ ಆದರೆ 64000 ಬರಬೇಕು. ಬಂದದ್ದು 43. ಎರಡನ್ನೂ ಬೈನರಿಯಲ್ಲಿ ಬರೆದು ನೋಡಿ, 101000 ಮತ್ತು 000011, ಎಕ್ಸಾರ್ ಮಾಡಿದರೆ 101011, ಅದೇ 43. ಎರರ್ ಇಲ್ಲ, ಎಚ್ಚರಿಕೆ ಇಲ್ಲ. 43ನ್ನು 5000ದಿಂದ ಭಾಗಿಸಿದರೆ ಕಿಲೋದ ನೂರರಲ್ಲೊಂದು ಪಾಲೂ ಇಲ್ಲ, ಹಾಗಾಗಿ ಕನಿಷ್ಠ ದರ ಬಿತ್ತು. 12.8 ಕಿಲೋಗೆ ದರ ಬೀಳಬೇಕಿದ್ದ ಪೆಟ್ಟಿಗೆ ಕನಿಷ್ಠ ದರದಲ್ಲಿ ಹೋಯಿತು. ಗಿರಾಕಿ ಯಾಕೆ ದೂರು ಕೊಡುತ್ತಾರೆ? ತಿಂಗಳ ಕೊನೆಯಲ್ಲಿ ನಮ್ಮ ಲೆಕ್ಕದವರೇ ಹಿಡಿದರು.

ಸಿಂಪಲ್‌ಇವ್ಯಾಲ್ ಬರೆದವರಿಗೂ ಈ ಗೊಂದಲ ಗೊತ್ತಿದೆ. ^ ಅನ್ನು ಘಾತ ಮಾಡಿಕೊಳ್ಳಬೇಕಿದ್ದರೆ ಎಕ್ಸಾರ್ ಜಾಗದಲ್ಲಿ ಸೇಫ್ ಪವರ್ ಫಂಕ್ಷನ್ ಕೂರಿಸಿ ಅಂತ ಕೈಪಿಡಿಯಲ್ಲಿ ಉದಾಹರಣೆ ಸಮೇತ ಇದೆ. ಹಾಗೇ ಮಾಡಿದೆ. ಬದಿ^3 ಈಗ 64000. ಕೈ ತೊಳೆದುಕೊಂಡೆ.

ಎರಡು ವಾರದ ಮೇಲೆ ಅದೇ ಗಿರಾಕಿಯ ಫೋನು. ಈ ಸಲ ಕೋಪದಲ್ಲಿದ್ದರು. ಎರಡು ಪೆಟ್ಟಿಗೆ ಒಟ್ಟಿಗೆ ಕಳಿಸಿದರೆ ಬರಬೇಕಾದ್ದರ ನಾಲ್ಕು ಪಟ್ಟು ದರ ಯಾಕೆ ಅಂತ. ಸೂತ್ರ ತೆಗೆದು ನೋಡಿದೆ: 2*ಬದಿ^3. ಎಷ್ಟು ಸಲ ನೋಡಿದರೂ ಸರಿಯಾಗಿಯೇ ಇದೆ. ಕಾಗದದ ಮೇಲೆ 2 ಗುಣಿಸು 64000, ಅಂದರೆ 128000. ಮೆಷಿನ್ ಹೇಳುತ್ತಿರುವುದು 512000. ಅರ್ಧ ದಿನ ಹೋಯಿತು. ಆಮೇಲೆ ಹೊಳೆಯಿತು. ನಾನು ಬದಲಿಸಿದ್ದು ಚಿಹ್ನೆಯ ಅರ್ಥ ಮಾತ್ರ. ಯಾವುದು ಮೊದಲು ಅನ್ನೋ ಸರದಿ ಪೈಥಾನ್ ಪಾರ್ಸರ್ ಕೈಯಲ್ಲೇ ಇದೆ. ಪೈಥಾನ್‌ನಲ್ಲಿ ಎಕ್ಸಾರ್ ಸರದಿ ಕೂಡಿಸುವುದಕ್ಕಿಂತಲೂ ಹಿಂದೆ. ಹಾಗಾಗಿ ಮರ ಕಟ್ಟುವಾಗಲೇ ಅದು (2*ಬದಿ)^3 ಆಗಿಬಿಟ್ಟಿರುತ್ತದೆ. 80ರ ಘನ 512000, ಲೆಕ್ಕ ಸರಿಯೇ!

5+3^2 ತೆಗೆದುಕೊಳ್ಳಿ. ಶಾಲೆಯ ಗಣಿತದಲ್ಲಿ 14. ಪೈಥಾನ್‌ನಲ್ಲಿ ಹಾಗೇ ಬಿಟ್ಟರೆ 10. ಕೈಪಿಡಿಯ ಉಪಾಯ ಮಾಡಿದರೆ 64. ಒಂದೇ ಸಾಲು, ಮೂರು ಉತ್ತರ. ಸರಿಯಾದ ದಾರಿ ಇಷ್ಟೇ: ಪಾರ್ಸರ್ ಕೈಗೆ ಕೊಡುವ ಮೊದಲೇ ಪಠ್ಯದಲ್ಲಿ ^ ಇದ್ದ ಕಡೆಯೆಲ್ಲ **  ಮಾಡಿಬಿಡುವುದು. ನಮ್ಮ ಸೂತ್ರಗಳಲ್ಲಿ ಪದಗಳ ಸ್ಟ್ರಿಂಗ್ ಇರುವುದಿಲ್ಲ, ಹಾಗಾಗಿ ಇದರಿಂದ ಬೇರೆ ಏನೂ ಕೆಡುವುದಿಲ್ಲ. ಕೈಪಿಡಿಯಲ್ಲಿ ಆ ಉದಾಹರಣೆಯ ಕೆಳಗೆ ಸರದಿಯ ಬಗ್ಗೆ ದೊಡ್ಡಕ್ಷರದಲ್ಲಿ ಒಂದು ಸಾಲು ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಅರ್ಧ ಅಂಕ ಕಳೆದದ್ದು ಇದಕ್ಕೇ.

ಇದು ಪೈಥಾನ್ ಒಂದರ ತಲೆನೋವೂ ಅಲ್ಲ. -2^2 ಎಕ್ಸೆಲ್‌ನಲ್ಲಿ 4. ಪೈಥಾನ್‌ನಲ್ಲಿ -2**2 ಅಂದರೆ -4. ಜಾವಾಸ್ಕ್ರಿಪ್ಟ್ ಆ ಸಾಲನ್ನು ಓದುವುದೇ ಇಲ್ಲ, ಬ್ರಾಕೆಟ್ ಹಾಕಿ ಅಂತ ಎರರ್ ಕೊಡುತ್ತದೆ. 2^3^2 ಎಕ್ಸೆಲ್‌ನಲ್ಲಿ 64, ಪೈಥಾನ್‌ನಲ್ಲಿ 2**3**2 ಬರೆದರೆ 512. ಸಿ ಭಾಷೆಗೆ ಟೈನಿಎಕ್ಸ್‌ಪ್ರ್ ಅಂತ ಒಂದು ಚಂದದ ಲೈಬ್ರರಿ ಇದೆ, ಅದು ಡೀಫಾಲ್ಟ್ ಆಗಿ ಎಕ್ಸೆಲ್ ಪಕ್ಷ. ಬೇಕಾದರೆ ಕಂಪೈಲ್ ಮಾಡುವಾಗ ಪಕ್ಷ ಬದಲಿಸಬಹುದು. ನನ್ನ ಪ್ರಕಾರ ಇದರಲ್ಲಿ ಜಾವಾಸ್ಕ್ರಿಪ್ಟ್ ಮಾಡಿದ್ದೇ ಸರಿ. ಗೊಂದಲ ಇದ್ದ ಕಡೆ ಊಹಿಸಬಾರದು, ಕೇಳಬೇಕು. ನಮ್ಮ ಫಾರಂನಲ್ಲೂ ಈಗ ಘಾತದ ಎಡಕ್ಕೆ ಮೈನಸ್ ಕಂಡರೆ ಬ್ರಾಕೆಟ್ ಹಾಕಿ ಅಂತ ಕೇಳುತ್ತೇವೆ.

ಕನ್ನಡದ ವಿಷಯಕ್ಕೆ ಬರುತ್ತೇನೆ. ನಮ್ಮ ಸೂತ್ರಗಳಲ್ಲಿ ಹೆಸರುಗಳೆಲ್ಲ ಕನ್ನಡದಲ್ಲೇ ಇವೆ. ಪೈಥಾನ್ ಕನ್ನಡದ ವೇರಿಯಬಲ್ ಹೆಸರನ್ನು ಒಪ್ಪುತ್ತದೆ, ಸಿಂಪಲ್‌ಇವ್ಯಾಲ್ ಅದೇ ಪಾರ್ಸರ್ ಬಳಸುವುದರಿಂದ ಇಲ್ಲೂ ನಡೆಯುತ್ತದೆ. ಉದ್ದ, ಅಗಲ, ಬದಿ ಯಾವುದಕ್ಕೂ ತಕರಾರಿಲ್ಲ. ಒಂದು ದಿನ ಬಾಕ್ಸ್‌ತೂಕ ಅನ್ನೋ ಹೆಸರು ಮಾತ್ರ ಸಿಂಟ್ಯಾಕ್ಸ್ ಎರರ್ ಕೊಟ್ಟಿತು. ಕಣ್ಣಿಗೆ ಕಾಣದ ಅಕ್ಷರ ಇದೆ ಅಂತ ಎರರ್ ಹೇಳುತ್ತದೆ, ನನಗೆ ಕಾಣುತ್ತಿಲ್ಲ. ಕಾಣದ್ದು ಅಂದ ಮೇಲೆ ಕಾಣುವುದು ಹೇಗೆ! ಕನ್ನಡ ಟೈಪ್ ಮಾಡುವವರಿಗೆ ಗೊತ್ತಿರುತ್ತದೆ: ಬಾಕ್ಸ್ ಆದಮೇಲೆ ತ ಒತ್ತಕ್ಷರವಾಗಿ ಕೆಳಗೆ ಇಳಿಯಬಾರದು ಅಂತ ನಡುವೆ ಒಂದು ಜೋಡಣೆ ತಡೆಯುವ ಅಕ್ಷರ ಹಾಕುತ್ತೇವೆ, ಯೂನಿಕೋಡಿನ 200ಸಿ. ಪೈಥಾನ್ ಹೆಸರಿನೊಳಗೆ ಅದಕ್ಕೆ ಜಾಗ ಇಲ್ಲ. ಈಗ ಸೂತ್ರದಿಂದಲೂ ಹೆಸರುಗಳ ಪಟ್ಟಿಯಿಂದಲೂ ಅದನ್ನೂ ಅದರ ಜೊತೆಗಾರ 200ಡಿಯನ್ನೂ ತೆಗೆದುಹಾಕಿ ಆಮೇಲೆ ಕೊಡುತ್ತೇವೆ.

ಕನ್ನಡ ಅಂಕಿಯದು ಇನ್ನೂ ಮಜಾ. ಪೈಥಾನಿನ ಇಂಟ್ ಫಂಕ್ಷನ್‌ಗೆ ೧೨ ಕೊಟ್ಟರೆ ಚೆನ್ನಾಗಿ 12 ಅಂತ ಓದುತ್ತದೆ. ಅದೇ ೧೨ ಸೂತ್ರದೊಳಗೆ ಬಂದರೆ ಪಾರ್ಸರ್ ಒಪ್ಪುವುದಿಲ್ಲ. ಬದಿ೨ ಅಂತ ಹೆಸರಿನ ಬಾಲವಾಗಿ ಬಂದರೆ ಮತ್ತೆ ಒಪ್ಪುತ್ತದೆ! ಮೊದಲೇ ಹತ್ತು ಅಂಕಿಗಳನ್ನೂ ಬದಲಿಸಿಬಿಡುವುದು ಸುಲಭ.

ಬ್ರೌಸರಿನಲ್ಲಿ ಗಿರಾಕಿ ಟೈಪ್ ಮಾಡುತ್ತಿದ್ದ ಹಾಗೇ ಉತ್ತರ ತೋರಿಸಲು ಮ್ಯಾತ್.ಜೆಎಸ್ ಹಾಕಿದ್ದೆವು. ಒಳ್ಳೆಯ ಲೈಬ್ರರಿ ಅದು. ಸಿಂಪಲ್‌ಇವ್ಯಾಲ್‌ಗಿಂತ ಎಷ್ಟೋ ದೊಡ್ಡದು. ಅಲ್ಲಿ ^ ಅಂದರೆ ಘಾತವೇ, ಸರದಿಯೂ ಸರಿಯಾಗಿದೆ. 2 ಇಂಚನ್ನು ಸೆಂಟಿಮೀಟರ್ ಮಾಡು ಅಂದರೆ 5.08 ಕೊಡುತ್ತದೆ. 2(3+4) ಅಂತ ನಡುವೆ ಗುಣಿಸುವ ಚಿಹ್ನೆ ಇಲ್ಲದೆ ಬರೆದರೂ 14 ಅಂತ ಅರ್ಥ ಮಾಡಿಕೊಳ್ಳುತ್ತದೆ. 100 + 3% ಬರೆದರೆ 103. ಗಿರಾಕಿಗಳಿಗೆ ತುಂಬಾ ಇಷ್ಟವಾಯಿತು. ತೊಂದರೆ ಏನೆಂದರೆ ಸರ್ವರ್ ಕಡೆ ಇರುವುದು ಪೈಥಾನ್ ವ್ಯಾಕರಣ. ಅಲ್ಲಿ % ಅಂದರೆ ಶೇಷ, 100 + 3% ಅಂದರೆ ಅರ್ಧಕ್ಕೆ ನಿಂತ ವಾಕ್ಯ. ಪರದೆಯ ಮೇಲೆ 103 ತೋರಿಸಿ, ಸೇವ್ ಒತ್ತಿದರೆ ಎರರ್. ಜೊತೆಗೆ ಮ್ಯಾತ್.ಜೆಎಸ್ ಕನ್ನಡ ಅಕ್ಷರಗಳನ್ನು ಹೆಸರು ಅಂತ ಒಪ್ಪುವುದಿಲ್ಲ, ಯಾವ ಅಕ್ಷರ ನಡೆಯುತ್ತೆ ಅಂತ ಹೇಳುವ ಅದರ ಫಂಕ್ಷನನ್ನು ನಾವೇ ಬದಲಿಸಬೇಕು. ಮತ್ತೆ ಸುರಕ್ಷತೆಗೆ ಇಂಪೋರ್ಟ್, ಕ್ರಿಯೇಟ್‌ಯೂನಿಟ್, ಪಾರ್ಸ್, ಇವ್ಯಾಲ್ಯುಯೇಟ್ ಥರದ ಫಂಕ್ಷನ್‌ಗಳನ್ನು ಸೂತ್ರದೊಳಗಿನಿಂದ ಕರೆಯಲು ಆಗದ ಹಾಗೆ ಮುಚ್ಚಿ ಅಂತ ಅವರದೇ ಕೈಪಿಡಿ ಹೇಳುತ್ತದೆ. ಎಲ್ಲವನ್ನೂ ಮಾಡಿದ ಮೇಲೆ ಅನ್ನಿಸಿತು, ಎರಡು ಎಂಜಿನ್ ಇಟ್ಟುಕೊಂಡು ಎರಡಕ್ಕೂ ಸಮಾಧಾನ ಹೇಳುತ್ತಾ ಕೂರುವುದು ಯಾಕೆ? ಈಗ ಬ್ರೌಸರ್ ಸರ್ವರ್‌ಗೇ ಕೇಳುತ್ತದೆ. ಕ್ಷಣ ತಡವಾಗುತ್ತದೆ, ಉತ್ತರ ಒಂದೇ ಬರುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಳಸುವವರಿಗೆ ಒಂದು ಮಾತು. 1.1*3 ಪೈಥಾನ್‌ನಲ್ಲಿ 3.3000000000000003. ಇದು ಲೈಬ್ರರಿಯ ತಪ್ಪಲ್ಲ, ಫ್ಲೋಟ್ (ದಶಮಾಂಶ ಸಂಖ್ಯೆಯನ್ನು ಬೈನರಿಯಲ್ಲಿ ಹತ್ತಿರತ್ತಿರ ಇಡುವ ಬಗೆ) ಇರುವುದೇ ಹಾಗೆ. ಹತ್ತರ ಲೆಕ್ಕದಲ್ಲೇ ಸಂಖ್ಯೆ ಇಡುವ ಡೆಸಿಮಲ್ ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ವೇರಿಯಬಲ್‌ಗಳನ್ನು ಡೆಸಿಮಲ್ ಮಾಡಿ ಕೊಟ್ಟರೆ ದರ * 1.1 ಟೈಪ್ ಎರರ್ ಕೊಡುತ್ತದೆ. ಸೂತ್ರದಲ್ಲಿರುವ 1.1 ಇನ್ನೂ ಫ್ಲೋಟ್ ಅಲ್ವಾ, ಎರಡನ್ನೂ ಗುಣಿಸಲು ಪೈಥಾನ್ ಒಪ್ಪುವುದಿಲ್ಲ. ಮರದಲ್ಲಿ ಸ್ಥಿರ ಸಂಖ್ಯೆಯ ಗಂಟನ್ನು ನೋಡಿಕೊಳ್ಳುವ ಭಾಗಕ್ಕೆ ಕೈ ಹಾಕಿ ಅಲ್ಲೇ ಡೆಸಿಮಲ್ ಮಾಡಬೇಕು. ನಾಲ್ಕೈದು ಸಾಲು.

ಸಣ್ಣಪುಟ್ಟ ಕಿರಿಕಿರಿಗಳೂ ಇವೆ. ದರ = 50 ಅಂತ ಯಾರಾದರೂ ಬರೆದರೆ ಎರರ್ ಕೊಡುವುದಿಲ್ಲ, ಒಂದು ಎಚ್ಚರಿಕೆ ಕೊಟ್ಟು ಬಲಗಡೆಯ 50 ಹಿಂತಿರುಗಿಸುತ್ತದೆ. 10; 20 ಅಂದರೂ ಎಚ್ಚರಿಕೆ ಮಾತ್ರ, ಉತ್ತರ 10. ಎಚ್ಚರಿಕೆಗಳನ್ನು ಯಾರು ಓದುತ್ತಾರೆ? ಲಾಗ್ ಫೈಲಿನ ತಳದಲ್ಲಿ ಕೊಳೆಯುತ್ತವೆ. ನಾನು ಅವನ್ನು ಎರರ್ ಆಗಿ ಬದಲಿಸಿಕೊಂಡಿದ್ದೇನೆ. ಯಾರೂ ಕೇಳದಿದ್ದರೂ ರ‍್ಯಾಂಡ್ ಫಂಕ್ಷನ್ ತಾನಾಗೇ ಬರುತ್ತದೆ. ಒಂದೇ ಪೆಟ್ಟಿಗೆಗೆ ಪ್ರತಿ ಸಲ ಬೇರೆ ಬೇರೆ ದರ ಬರುವ ಸೂತ್ರ ಯಾರಿಗೆ ಬೇಕು? ಫಂಕ್ಷನ್ ಪಟ್ಟಿಯನ್ನು ಖಾಲಿ ಮಾಡಿ ನಮಗೆ ಬೇಕಾದ ಮ್ಯಾಕ್ಸ್, ಮಿನ್, ರೌಂಡ್ ಮೂರನ್ನೇ ಕೊಟ್ಟಿದ್ದೇವೆ. ಎರರ್ ಹಿಡಿಯುವಾಗ ಲೈಬ್ರರಿಯ ಸ್ವಂತ ಎರರ್ ಒಂದನ್ನೇ ಹಿಡಿದರೆ ಸಾಲದು. ಸಿಂಟ್ಯಾಕ್ಸ್ ಎರರ್, ಸೊನ್ನೆಯಿಂದ ಭಾಗಿಸಿದ ಎರರ್ ಎರಡೂ ಪೈಥಾನಿನವೇ, ನೇರ ಹೊರಗೆ ಬರುತ್ತವೆ.

ಸೂತ್ರದ ಉದ್ದಕ್ಕೆ ಮಿತಿ ಹಾಕುವುದನ್ನು ಮರೆಯಬೇಡಿ. ಬ್ರಾಕೆಟ್ 200ಕ್ಕಿಂತ ಆಳ ಹೋದರೆ ಪೈಥಾನೇ ತಡೆಯುತ್ತದೆ, ಆದರೆ 1+1+1 ಅಂತ ಸಾವಿರಾರು ಸಲ ಬರೆದರೆ ಬ್ರಾಕೆಟ್ ಒಂದೂ ಇಲ್ಲದೆಯೇ ಮರ ಎಡಕ್ಕೆ ಆಳವಾಗುತ್ತಾ ಹೋಗಿ ರಿಕರ್ಷನ್ ಎರರ್ (ಆಳ ಮೀರಿತು ಅನ್ನೋ ಎರರ್) ಬರುತ್ತದೆ. ನಮ್ಮಲ್ಲಿ 300 ಅಕ್ಷರ ಮಿತಿ. ಇಲ್ಲಿಯವರೆಗೆ ಯಾರ ಸೂತ್ರವೂ 120 ದಾಟಿಲ್ಲ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಮಗೆ ಸಾಕು. ಒಂದೇ ಸೂತ್ರವನ್ನು ಸಾವಿರ ಪೆಟ್ಟಿಗೆಗೆ ಹಾಕಬೇಕಾದರೆ ಪ್ರತಿ ಸಲ ಪಾರ್ಸ್ ಮಾಡಿಸಬೇಡಿ. ಒಮ್ಮೆ ಪಾರ್ಸ್ ಮಾಡಿಟ್ಟ ಮರವನ್ನೇ ಮತ್ತೆ ಮತ್ತೆ ಕೊಡಲು ದಾರಿ ಇದೆ. ಲಕ್ಷಗಟ್ಟಲೆ ಸಾಲು ಇದ್ದರೆ ಇದು ನಿಮ್ಮ ಲೈಬ್ರರಿ ಅಲ್ಲ.

ಬರೀ ಕೂಡಿಸು, ಕಳೆ, ಗುಣಿಸು, ಭಾಗಿಸು, ಬ್ರಾಕೆಟ್ ಸಾಕು ಅನ್ನುವವರು ಯಾವ ಲೈಬ್ರರಿಯೂ ಇಲ್ಲದೆ ಬರೆದುಕೊಳ್ಳಬಹುದು. ಎಎಸ್‌ಟಿ ಮಾಡ್ಯೂಲಿನಿಂದ ಮರ ಮಾಡಿಸಿ ಅದರ ಮೇಲೆ ನಡೆಯುವ ಫಂಕ್ಷನ್ ಮೂವತ್ತು ಸಾಲು ಆಗಬಹುದು. ಪಾರ್ಸರನ್ನೂ ನಾವೇ ಬರೆಯುತ್ತೇವೆ ಅಂದರೆ ಡೈಕ್‌ಸ್ಟ್ರಾ 1961ರಲ್ಲಿ ಕೊಟ್ಟ ಶಂಟಿಂಗ್ ಯಾರ್ಡ್ ವಿಧಾನ ಇದೆ, ರೈಲಿನ ಬೋಗಿಗಳನ್ನು ಪಕ್ಕದ ಹಳಿಗೆ ಸರಿಸಿ ಮತ್ತೆ ಜೋಡಿಸುವ ಹಾಗೆ ಚಿಹ್ನೆಗಳನ್ನು ಸರಿಸುವುದು. ಒಮ್ಮೆ ಕೈಯಾರೆ ಬರೆದು ನೋಡಿ, ಸರದಿ ಅಂದರೇನು ಅಂತ ಮೈಗೆ ಹತ್ತುತ್ತದೆ. ನಾನು ಅದನ್ನು ಮೊದಲೇ ಮಾಡಿದ್ದರೆ ಟೋಪಿಯ ಅರ್ಧ ದಿನ ಉಳಿಯುತ್ತಿತ್ತು. ಆದರೆ ಕೆಲಸದ ಕೋಡಿಗೆ ನನ್ನದೇ ಪಾರ್ಸರ್ ಹಾಕುವ ಧೈರ್ಯ ಇನ್ನೂ ಬಂದಿಲ್ಲ.

ಯಾರಿಗೆ ಹೇಳಬಹುದು ಅಂದರೆ, ಹತ್ತಿಪ್ಪತ್ತು ವೇರಿಯಬಲ್ ಇರುವ ಸಣ್ಣ ಸೂತ್ರಗಳನ್ನು ಹೊರಗಿನವರು ಬರೆಯುವ ಕಡೆ ಕಣ್ಣುಮುಚ್ಚಿ ಹೇಳುತ್ತೇನೆ. ಹೆಸರುಗಳ ಪಟ್ಟಿಯಲ್ಲಿ ಸಂಖ್ಯೆ ಬಿಟ್ಟು ಬೇರೇನೂ ಕೊಡಬೇಡಿ. ನಿಮ್ಮ ಆಬ್ಜೆಕ್ಟನ್ನೋ ಮಾಡ್ಯೂಲನ್ನೋ ಒಳಗೆ ಬಿಟ್ಟರೆ ಅದರ ಮೂಲಕ ಏನು ಮಾಡಬಹುದು ಅನ್ನೋದು ನಿಮ್ಮ ತಲೆಗೆ. ವಿಜ್ಞಾನದ ಲೆಕ್ಕ, ಲೂಪು, ಅರೇ ಲೆಕ್ಕದ ನಮ್‌ಪೈ ಲೈಬ್ರರಿ ಎಲ್ಲ ಬೇಕು ಅನ್ನುವವರಿಗೆ ಎಎಸ್‌ಟಿಇವ್ಯಾಲ್ ಅಂತ ಬೇರೆ ಇದೆ. ಅದು ಬಿಟ್ಟುಕೊಡುವುದೂ ಜಾಸ್ತಿ, ಹಾಗಾಗಿ ಹೊರಗಿನವರ ಪಠ್ಯಕ್ಕೆ ನಾನು ಅದನ್ನು ಬಳಸುವುದಿಲ್ಲ.

ಇಷ್ಟೆಲ್ಲ ಬರೆಯುವ ಮೊದಲು ನಮ್ಮ ಕೋಡಿನಲ್ಲಿ ಇವ್ಯಾಲ್ ಅಂತ ಮತ್ತೊಮ್ಮೆ ಹುಡುಕಿದೆ. ತಿಂಗಳ ವರದಿ ಮಾಡುವ ಸ್ಕ್ರಿಪ್ಟಿನಲ್ಲಿ ಒಂದು ಉಳಿದಿದೆ. ಅದರ ಮೇಲೂ 'ಇಲ್ಲಿ ಅಡ್ಮಿನ್ ಮಾತ್ರ' ಅಂತ ಟಿಪ್ಪಣಿ ಇದೆ. ಬರೆದದ್ದು ನಾನೇ.